ಕಾಫಿ ಬೆಲೆ ಬಿದ್ದ ವರ್ಷಗಳು ಯಾವ ಸಿನಿಮಾದಲ್ಲಿವೆ?

ಹಾನುಬಾಳು ಕಡೆಯವನು:
ಮೊನ್ನೆ ಅಕ್ಕನ ಮಗಳು ಕೇಳಿದಳು, "ಮಾಮ, 2001ರಲ್ಲಿ ನಿಮಗೆ ಅಷ್ಟು ಕಷ್ಟ ಆಗಿತ್ತಲ್ಲ, ಮಳೆನೇ ಬಂದಿರಲಿಲ್ವಾ?" ಬಂದಿತ್ತು ಮಾರಾಯ್ತಿ. ಗಿಡದ ತುಂಬ ಹಣ್ಣೂ ಇತ್ತು. ಅವಳ ತಪ್ಪೇನಿಲ್ಲ. ಸಿನಿಮಾದಲ್ಲಿ ಕಷ್ಟಕಾಲ ಅಂದರೆ ಬಿರುಕು ಬಿಟ್ಟ ನೆಲ, ಖಾಲಿ ಕೊಡ, ಮೋಡ ಹುಡುಕುವ ಮುದುಕ. ನಮಗೆ ತೋಟ ಹಚ್ಚಗೆ ಇದ್ದಾಗಲೇ ಕೈ ಖಾಲಿಯಾಯ್ತು.

1989ರಲ್ಲಿ, ಯಾವ ದೇಶ ಎಷ್ಟು ಕಾಫಿ ಮಾರಬೇಕು ಅನ್ನುವ ದೇಶಗಳ ನಡುವಿನ ಕೋಟಾ ಒಪ್ಪಂದ ಮುರಿಯಿತು. ಆಮೇಲೆ ವಿಯೆಟ್ನಾಂನ ರೋಬಸ್ಟಾ ತಳಿಯ ಕಾಫಿ ಸುರಿದುಕೊಂಡು ಬಂತು. 2001ರ ಹೊತ್ತಿಗೆ ಜಗತ್ತಿನ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ. ಇದೆಲ್ಲ ಆಮೇಲೆ ಓದಿದ್ದು. ಆಗ ನನಗೆ ಗೊತ್ತಿದ್ದದ್ದು ನಡುಮನೆಯ ಮೂಟೆಗಳು ಮಾತ್ರ. "ಇನ್ನೊಂದು ತಿಂಗಳು ನೋಡೋಣ" ಅಂತ ಅಪ್ಪ ಮಾರದೆ ಇಟ್ಟ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಮಳೆಗಾಲ ಹಿಡಿಯಿತು, ಮೂಟೆಗಳಿಗೆ ಮುಗ್ಗಲು ವಾಸನೆ. ಆ ವಾಸನೆಯಲ್ಲೇ ಕೂತು ಉಂಡಿದ್ದೇವೆ. ಅಮ್ಮನ ಬಳೆ ಅಡವಿಟ್ಟದ್ದೂ ಆಗಲೇ. ಸಿನಿಮಾ ಆಗಿದ್ದರೆ ಪಿಟೀಲು ಶುರುವಾಗುತ್ತಿತ್ತು. ಅಮ್ಮ ರಸೀದಿ ಮಡಚಿ ಸಕ್ಕರೆ ಡಬ್ಬಿಗೆ ಹಾಕಿ ಒಲೆ ಮುಂದೆ ಕೂತಳು, ಅಷ್ಟೇ.

ನಮ್ಮ ಕಡೆ ಶೂಟಿಂಗ್‌ಗೇನು ಬರವಿಲ್ಲ. ಆದರೆ ತೋಟ ಅಂದರೆ ಹಾಡು, ಜೀಪು, ಬಂಗಲೆ. ನಾಲ್ಕೆಕರೆಯವನ ಸಾಲ ತೋರಿಸಿದ ಸಿನಿಮಾ ಯಾರಾದರೂ ನೋಡಿದ್ದೀರಾ?

ರೈಟರ್ ಮಗ, ಮೂಡಿಗೆರೆ:
ಬೆಳೆಗಾರರ ಕಷ್ಟ ಪೇಪರಿನಲ್ಲಾದರೂ ಬಂತು ಸಾರ್. ಲೈನ್ ಮನೆಗಳಲ್ಲಿದ್ದ ತೋಟದ ಆಳುಗಳದ್ದು? ತೋಟದ ರೈಟರ್ ಆಗಿ ಲೆಕ್ಕ ಬರೆದು ಶನಿವಾರ ಬಟವಾಡೆ ಮಾಡುತ್ತಿದ್ದದ್ದು ನಮ್ಮಪ್ಪ. ಆ ವರ್ಷ ಗೊಬ್ಬರ ಹಾಕಿಸಲಿಲ್ಲ, ಕಾಂಡದಲ್ಲಿ ಬೇಡದೆ ಹುಟ್ಟುವ ಕಂಬಚಿಗುರು ತೆಗೆಸಲಿಲ್ಲ. ಅಂದರೆ ಆಳುಗಳಿಗೆ ಕೆಲಸವೇ ಇಲ್ಲ. ಅಪ್ಪ ಸ್ಕೇಲ್ ಇಟ್ಟುಕೊಂಡು ಆಳುಗಳ ಹಾಜರಿ ಪುಸ್ತಕ ಚೆಕ್‌ರೋಲ್‌ನಲ್ಲಿ ಒಂದೊಂದೇ ಹೆಸರಿನ ಮೇಲೆ ನೀಟಾಗಿ ಗೆರೆ ಎಳೆಯುತ್ತಿದ್ದರು. ಪಕ್ಕದಲ್ಲಿ ಕೂತು ನೋಡಿದ್ದೀನಿ. ಅದರಲ್ಲಿ ನನ್ನ ಕ್ಲಾಸ್‌ಮೇಟ್ ಅಮ್ಮನ ಹೆಸರೂ ಇತ್ತು.

ಕಳಸಾಪುರದ ಹತ್ತಿರದವಳು:
ಸಿನಿಮಾ ಬಂದರೂ ಒಂದು ತೊಂದರೆ ಇದೆ. 'ಭೂತಯ್ಯನ ಮಗ ಅಯ್ಯು' (1974) ತೆಗೆದದ್ದು ಕಳಸಾಪುರದಲ್ಲಿ. ನಮ್ಮಜ್ಜಿ ಹಳೇ ಕಾಲದ ಕಷ್ಟ ಹೇಳುವಾಗ ಸಾಲ ಕೊಟ್ಟು ಜೀವ ಹಿಂಡಿದ ಸಾಹುಕಾರ ಒಬ್ಬ ಬರುತ್ತಿದ್ದ. ಯಾರಜ್ಜಿ ಅವನು ಅಂದರೆ, "ಅವನೇ ಕಣೇ, ಎಂ.ಪಿ. ಶಂಕರ್!" ಆ ಸಿನಿಮಾದಲ್ಲಿ ಸಾಹುಕಾರ ಭೂತಯ್ಯನ ಪಾತ್ರ ಮಾಡಿದ ನಟ!

ಅಜ್ಜಿಯದ್ದೇ ಸ್ವಂತ ನೆನಪು ಅಂದರೆ ಅರವತ್ತರ ದಶಕದಲ್ಲಿ ರೇಷನ್‌ಗೆ ಬಂದ ಅಮೆರಿಕದ ಗೋಧಿ. ರಾಗಿ ಜೊತೆ ಬೀಸಿ ಮುದ್ದೆ ತಿರುವಿದರಂತೆ. ಕೈ ಬಿಡದೆ ಅಂಟಿಕೊಳ್ಳುತ್ತಿತ್ತಂತೆ. ಅದು ಯಾವ ಸಿನಿಮಾದಲ್ಲೂ ಇಲ್ಲ ಅಲ್ವಾ, ಅದಕ್ಕೇ ನಂಬುತ್ತೇನೆ.

ಹಾನುಬಾಳು ಕಡೆಯವನು:
ಎಂ.ಪಿ. ಶಂಕರ್ ಓದಿ ಜೋರಾಗಿ ನಕ್ಕೆ. ಆಮೇಲೆ ಸುಮ್ನೆ ಒಂದು ಅನುಮಾನ ಬಂತು. ಅಮ್ಮನಿಗೆ ಫೋನ್ ಮಾಡಿ, ಬಳೆ ರಸೀದಿ ಸಕ್ಕರೆ ಡಬ್ಬಿಯಲ್ಲಿ ಇಟ್ಟಿದ್ದೆ ತಾನೆ ಅಂತ ಕೇಳಿದೆ.

"ಅಕ್ಕಿ ಡಬ್ಬಿ ಕಣೋ. ಸಕ್ಕರೆ ಎಲ್ಲಿತ್ತು ಆವಾಗ?"