ವಿಎಂಸಿ ಸೆಟ್ಟರ್ ಬೇಕು: ಜಾಹೀರಾತು ಹೇಗೆ ಬರೆಯೋದು?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಮಷೀನ್ ಶಾಪ್. ಕೆಲಸ ವಿಎಂಸಿ ಮೇಲೆ, ಅಂದ್ರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡಿಯೋ ಒಂದು ಬಗೆಯ ಸಿಎನ್‌ಸಿ ಮಷೀನ್. "ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ. ಅನುಭವ ಕಡ್ಡಾಯ. ಆಕರ್ಷಕ ಸಂಬಳ" ಅಂತ ಹಾಕಿದ್ವಿ. ಫೋನ್ ಮೇಲೆ ಫೋನ್ ಬಂತು, ಸೆಟ್ಟಿಂಗ್ ಗೊತ್ತಿರೋರು ಮಾತ್ರ ಒಬ್ಬರೂ ಸಿಗಲಿಲ್ಲ. ಏನು ಬದಲಾಯಿಸಬೇಕು?

ಟೂಲ್ ರೂಮ್ ಸೂಪರ್‌ವೈಸರ್:
ನಿಮಗೆ ಬೇಕಿರೋದು ಸೆಟ್ಟರ್ ಸರ್, ಕರೆದಿರೋದು ಆಪರೇಟರನ್ನ. ಜಾಬ್ (ಕಡಿಯಬೇಕಾದ ಲೋಹದ ತುಂಡು) ಲೋಡ್ ಮಾಡಿ, ಸೈಕಲ್ ಸ್ಟಾರ್ಟ್ ಒತ್ತಿ, ಗೇಜ್ ಹಾಕಿ ನೋಡೋರೂ ಆಪರೇಟರೇ. ವೈಸ್‌ಗೆ ಡಯಲ್ ಹಿಡಿದು, ಜಿ54 ಆಫ್‌ಸೆಟ್ (ಜಾಬ್‌ನ ಸೊನ್ನೆ ಬಿಂದು) ತೆಗೆದು, ಟೂಲ್ ಲೆಂತ್ ಕೊಟ್ಟು, ಮೊದಲ ಪೀಸ್ ಪಾಸ್ ಮಾಡಿಸೋರು ಸೆಟ್ಟರ್. ಈ ಕೆಲಸಗಳನ್ನೇ ಹೆಸರಿಸಿ ಬರೆಯಿರಿ, ಬರದವರು ತಾವಾಗಿಯೇ ಹಿಂದೆ ಸರೀತಾರೆ. ಹೀಗೆ:

"ವಿಎಂಸಿ ಸೆಟ್ಟರ್, 1 ಹುದ್ದೆ. ಫ್ಯಾನುಕ್ ಕಂಟ್ರೋಲ್, 3 ಆ್ಯಕ್ಸಿಸ್. ಅಲ್ಯೂಮಿನಿಯಂ ಮತ್ತು ಇಎನ್8 ಜಾಬ್, ಟಾಲರೆನ್ಸ್ 20 ಮೈಕ್ರಾನ್. ಸ್ವಂತವಾಗಿ ಸೆಟ್ಟಿಂಗ್ ಮಾಡಿ ಮೊದಲ ಪೀಸ್ ತೆಗೆಯಬೇಕು. ಪ್ರೋಗ್ರಾಂ ನಾವು ಕೊಡ್ತೀವಿ, ಸಣ್ಣ ಎಡಿಟ್ ಬರಬೇಕು."

ಇಎನ್8 ಅಂದ್ರೆ ಒಂದು ಬಗೆಯ ಸ್ಟೀಲ್, ಫ್ಯಾನುಕ್ ಅಂದ್ರೆ ಮಷೀನ್ ನಡೆಸೋ ಕಂಟ್ರೋಲ್‌ನ ಕಂಪನಿ. ಕೊನೆಯ ಸಾಲು ಬಿಡಬೇಡಿ. ಅದಿಲ್ಲದಿದ್ರೆ ಕ್ಯಾಮ್ ಪ್ರೋಗ್ರಾಮಿಂಗ್ (ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಂ ಮಾಡೋದು) ಬರಲ್ಲ ಅನ್ನೋ ಅಳುಕಿಗೇ ಒಳ್ಳೆ ಸೆಟ್ಟರ್‌ಗಳು ಫೋನ್ ಮಾಡಲ್ಲ. ಹಾಗೇ "ಫ್ಯಾನುಕ್ ಮಾತ್ರ" ಅಂತ ಬಾಗಿಲು ಹಾಕಬೇಡಿ. ಸೀಮೆನ್ಸ್ ಕಂಟ್ರೋಲ್‌ನಲ್ಲಿ ಗಟ್ಟಿಯಾಗಿ ಕೆಲಸ ಮಾಡಿದವರು ಬೇಗ ಒಗ್ಗಿಕೊಳ್ತಾರೆ.

ಲೆಕ್ಕಪತ್ರ ನೋಡಿಕೊಳ್ಳುವವರು:
"ಆಕರ್ಷಕ ಸಂಬಳ" ಅಂದ್ರೆ ಕಡಿಮೆ ಸಂಬಳ ಅಂತಲೇ ಜನ ಓದೋದು. ಅಂಕಿ ಹಾಕಿ, ಅದೂ ಕೈಗೆ ಬರೋ ಅಂಕಿ. ಒಟ್ಟು 20,000, ಅದರಲ್ಲಿ ಬೇಸಿಕ್ 14,000 ಅಂದ್ಕೊಳ್ಳಿ. ಪಿಎಫ್ 12% ಅಂದ್ರೆ 1,680, ಇಎಸ್‌ಐ (ನೌಕರರ ಸರ್ಕಾರಿ ವಿಮೆ) 0.75% ಅಂದ್ರೆ 150. ಕೈಗೆ 18,170. ಇದನ್ನ ಮುಚ್ಚಿಟ್ಟು ಸಿಟಿಸಿ (ಕಂಪನಿಗೆ ತಗಲೋ ಒಟ್ಟು ಖರ್ಚು) ಹೇಳಿದ್ರೆ ಮೊದಲ ಸಂಬಳದ ದಿನವೇ ಜಗಳ. ಒಟ್ಟು ಸಂಬಳ 21,000 ದಾಟಿದ್ರೆ ಹೊಸಬರಿಗೆ ಇಎಸ್‌ಐ ಇಲ್ಲ, ಬದಲಿಗೆ ಮೆಡಿಕಲ್ ಇನ್ಶೂರೆನ್ಸ್ ಇದ್ರೆ ತಿಳಿಸಿ. ಓಟಿಗೆ (ಓವರ್‌ಟೈಮ್ ಕೆಲಸಕ್ಕೆ) ಡಬಲ್ ಕೊಡಬೇಕು ಅಂತ ಕಾನೂನಿನಲ್ಲೇ ಇದೆ, ಆದ್ರೂ ಸಿಂಗಲ್ ಕೊಡೋ ಶಾಪ್‌ಗಳಿವೆ. ಹಾಗಾಗಿ "ಓಟಿ ಡಬಲ್" ಅನ್ನೋ ಎರಡು ಪದಕ್ಕೆ ತೂಕ ಜಾಸ್ತಿ. "15,000ದಿಂದ 35,000" ಅಂತ ಮಾತ್ರ ಹಾಕಬೇಡಿ. ಎಲ್ಲರೂ 35,000 ಅಂತಲೇ ಬರ್ತಾರೆ.

ನೇಮಕಾತಿ ಕೆಲಸದವರು:
ಶಿಫ್ಟ್ ಸಮಯ, ವಾರದ ರಜೆ, ಹತ್ತಿರದ ಮೆಟ್ರೋ ನಿಲ್ದಾಣ, ಇವು ಮೂರೂ ಇರಲಿ. ನೈಟ್ ಶಿಫ್ಟ್ ಇದ್ರೆ ಮೊದಲೇ ಹೇಳಿಬಿಡಿ. ಬಯೋಡೇಟಾ ಕೇಳಬೇಡಿ, ಸೆಟ್ಟರ್‌ಗಳಲ್ಲಿ ಹೆಚ್ಚಿನವರ ಹತ್ರ ಹೊಸದು ಇರಲ್ಲ. ಬದಲಿಗೆ, "ಕೊನೆಯದಾಗಿ ಸೆಟ್ಟಿಂಗ್ ಮಾಡಿದ ಜಾಬ್ ಯಾವ ಮೆಟೀರಿಯಲ್, ಎಷ್ಟು ಟೂಲ್, ಟಾಲರೆನ್ಸ್ ಎಷ್ಟು? ವಾಟ್ಸ್‌ಆ್ಯಪ್‌ನಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ" ಅಂತ ಹಾಕಿ. ಕೇಳಿದ ಕೂಡಲೇ ಗೊತ್ತಾಗುತ್ತೆ. ಜಾಬ್‌ನ ಫೋಟೋ, ಡ್ರಾಯಿಂಗ್ ಮಾತ್ರ ಕೇಳಬೇಡಿ, ಅದು ಬೇರೆ ಕಂಪನಿಯ ಗುಟ್ಟು.

ಹಂಚುವಾಗ ಬರೀ ಪೋಸ್ಟರ್ ಚಿತ್ರ ಕಳಿಸಿದ್ರೆ ನಂಬರ್ ಒತ್ತಿ ಫೋನ್ ಮಾಡೋಕೆ ಆಗಲ್ಲ, ಕೆಳಗೆ ಅಕ್ಷರದಲ್ಲೂ ಹಾಕಿ. ಕೆಲಸದಲ್ಲಿರೋರು ಹಗಲು ಮಾತಾಡಲಾರರು, "ಸಂಜೆ 6ರಿಂದ 9" ಅಂತ ಸಮಯ ಕೊಟ್ಟು, ಆ ಹೊತ್ತಲ್ಲಿ ಫೋನ್ ಎತ್ತಿ. ನಿಮಗೆ ಇನ್ಸರ್ಟ್, ಡ್ರಿಲ್ ಮಾರೋಕೆ ಬರೋ ಸೇಲ್ಸ್‌ನವರಿಗೂ ಒಂದು ಮಾತು ಹಾಕಿ. ಯಾವ ಶಾಪ್‌ನಲ್ಲಿ ಯಾರು ಬೇಸತ್ತಿದ್ದಾರೆ ಅನ್ನೋದು ಅವರಿಗೆ ಗೊತ್ತಿದ್ದಷ್ಟು ಯಾವ ಜಾಬ್ ಸೈಟಿಗೂ ಗೊತ್ತಿರಲ್ಲ. ಅಂದ ಹಾಗೆ, ದೀಪಾವಳಿಗೆ ಮುಂಚೆ ಹಾಕಿದ್ರೆ ಪ್ರಯೋಜನ ಕಡಿಮೆ. ಬೋನಸ್ ಕೈಗೆ ಬರದೆ ಯಾರು ಬಿಡ್ತಾರೆ?

ಟೂಲ್ ರೂಮ್ ಸೂಪರ್‌ವೈಸರ್:
ಇನ್ನೊಂದು. ಟ್ರಯಲ್ ಇದ್ರೆ ಜಾಹೀರಾತಲ್ಲೇ ಬರೆಯಿರಿ: "ಅರ್ಧ ದಿನದ ಟ್ರಯಲ್, ಆ ದಿನದ ಪೂರ್ತಿ ಕೂಲಿ ಕೊಡುತ್ತೇವೆ. ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವುದಿಲ್ಲ." ಟ್ರಯಲ್‌ಗೆ ಕಸ್ಟಮರ್ ಜಾಬ್ ಕೊಡಬೇಡಿ, ಸ್ಕ್ರ್ಯಾಪ್ ಬ್ಲಾಕ್ ಸಾಕು.