‘ಪ್ಯಾಸಿವ್ ಟ್ಯಾಗ್’, ‘ಸ್ಟ್ರೇ ರೀಡ್’: ಗೋದಾಮಿನ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಕಾರು ತಯಾರಿಕೆಗೆ ಬಿಡಿಭಾಗ ಒದಗಿಸುವ ಗೋದಾಮಿನ ಕೆಲಸಗಾರರಿಗಾಗಿ ಆರ್‌ಎಫ್‌ಐಡಿ (ಟ್ಯಾಗಿನ ಸಂಖ್ಯೆಯನ್ನು ರೇಡಿಯೊ ಅಲೆಯಿಂದ ಓದಿ ವಸ್ತುವನ್ನು ಗುರುತಿಸುವ ವ್ಯವಸ್ಥೆ) ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ‘ಪ್ಯಾಸಿವ್ ಟ್ಯಾಗ್’ಗೆ ‘ನಿಷ್ಕ್ರಿಯ ಟ್ಯಾಗ್’, ‘ಸ್ಟ್ರೇ ರೀಡ್’ಗೆ ‘ತಪ್ಪು ಓದು’ ಎಂದು ಬಳಸಬಹುದೇ? ತಿಳಿದವರು ಹೇಳಿ.

ಉತ್ತರ: ದಯವಿಟ್ಟು ಎರಡನ್ನೂ ಬಿಡಿ.

‘ನಿಷ್ಕ್ರಿಯ’ ನಿಘಂಟಿಗೆ ಸರಿ, ಗೋದಾಮಿಗೆ ಅಲ್ಲ. ನಿಷ್ಕ್ರಿಯ ಖಾತೆ, ನಿಷ್ಕ್ರಿಯ ಸಿಮ್ ಎಂದು ಕೇಳಿ ರೂಢಿಯಾದವರಿಗೆ ಅದು ಸತ್ತ ಟ್ಯಾಗ್. ಕಿತ್ತು ಬೇರೆಯದನ್ನು ಅಂಟಿಸುತ್ತಾರೆ; ಹೊಸದರ ಸಂಖ್ಯೆ ಆ ಬಿನ್ನಿನ (ಬಿಡಿಭಾಗದ ಪೆಟ್ಟಿಗೆಯ) ಹೆಸರಿಗೆ ದಾಖಲಾಗಿರುವುದಿಲ್ಲ, ಬಿನ್ ಲೆಕ್ಕದಿಂದಲೇ ಮಾಯ. ಆ ಟ್ಯಾಗಿನಲ್ಲಿ ಇಲ್ಲದಿರುವುದು ಬ್ಯಾಟರಿ ಮಾತ್ರ. ರೀಡರಿನ (ಟ್ಯಾಗ್ ಓದುವ ಯಂತ್ರದ) ಅಲೆಯಿಂದಲೇ ಶಕ್ತಿ ಪಡೆದು, ಅದೇ ಅಲೆಯನ್ನು ಹಿಂದಕ್ಕೆ ಚಿಮ್ಮಿಸಿ ತನ್ನ ಸಂಖ್ಯೆ ತಿಳಿಸುತ್ತದೆ. ಫಾಸ್ಟ್ಯಾಗ್ ಕೂಡ ಇದೇ ಜಾತಿ. ‘ಬ್ಯಾಟರಿ ಇಲ್ಲದ ಟ್ಯಾಗ್’ ಎಂದರೆ ಸಾಕು. (ಬ್ಯಾಟರಿ ನೆರವಿನ ಪ್ಯಾಸಿವ್ ಟ್ಯಾಗೂ ಉಂಟು, ನಿಮ್ಮಲ್ಲಿದ್ದರೆ ಅದಕ್ಕೆ ಬೇರೆ ಹೆಸರಿಡಿ.)

‘ತಪ್ಪು ಓದು’ ಇನ್ನೂ ಹೆಚ್ಚು ಗೊಂದಲ ಎಬ್ಬಿಸುತ್ತದೆ. ಇಲ್ಲಿ ಓದಿದ ಸಂಖ್ಯೆ ತಪ್ಪಲ್ಲ; ಜೊತೆಗೆ ಬರುವ 16 ಬಿಟ್‌ಗಳ ಸಿಆರ್‌ಸಿ (ದೋಷ ಪತ್ತೆಯ ಸಂಕೇತ) ತಾಳೆಯಾದರೆ ಮಾತ್ರ ರೀಡರ್ ಅದನ್ನು ಒಪ್ಪುತ್ತದೆ. ತಪ್ಪಾದದ್ದು ಜಾಗ: 3ನೇ ಬಾಗಿಲಿನ ರೀಡರ್, 4ನೇ ಬಾಗಿಲಲ್ಲಿ ಲಾರಿಗೇರುವ ಬಿನ್ನನ್ನೂ ಓದಿಬಿಡುತ್ತದೆ. 865 ಮೆಗಾಹರ್ಟ್ಸ್ ಆಸುಪಾಸಿನ ಅಲೆ ಕಬ್ಬಿಣದ ರ‍್ಯಾಕು, ಫೋರ್ಕ್‌ಲಿಫ್ಟುಗಳಿಗೆ ಬಡಿದು ನೆನೆಸದ ಕಡೆಗೆಲ್ಲ ಹಾಯುತ್ತದೆ. ‘ಅಡ್ಡ ಓದು’ ಎನ್ನೋಣ. ಆಗ ಟ್ಯಾಗನ್ನು ಯಾರೂ ದೂರುವುದಿಲ್ಲ; ರೀಡರಿನ ಪವರ್ ಇಳಿಸುವುದು, ಆಂಟೆನಾ ತಿರುಗಿಸುವುದು, ಬಾಗಿಲುಗಳ ನಡುವೆ ಲೋಹದ ತೆರೆ ನಿಲ್ಲಿಸುವುದು, ಗಾಡಿ ಬಂದದ್ದನ್ನು ಫೋಟೋ ಸೆನ್ಸರ್ ಹೇಳಿದಾಗ ಮಾತ್ರ ಓದಿಸುವುದು – ಇವು ಪರಿಹಾರ.

ಇನ್ನೊಂದು ತೊಡಕಿದೆ. ನಮ್ಮಲ್ಲಿ ಬಸ್ಸು ‘ತಪ್ಪಿತು’ ಎಂದರೆ ಸಿಗಲಿಲ್ಲ ಎಂದರ್ಥ. ಹಾಗಾಗಿ ‘ಮಿಸ್ಡ್ ರೀಡ್’ ತಾನಾಗಿಯೇ ‘ತಪ್ಪಿದ ಓದು’ ಆಗುತ್ತದೆ. ಒಂದೇ ಪುಟದಲ್ಲಿ ‘ತಪ್ಪು ಓದು’, ‘ತಪ್ಪಿದ ಓದು’ ಎರಡೂ ಬಂದರೆ ರಾತ್ರಿ ಪಾಳಿಯವರು ಬೇರ್ಪಡಿಸುವುದು ಹೇಗೆ? ‘ಮಿಸ್ಡ್ ರೀಡ್’ಗೆ ‘ಓದದೆ ಉಳಿದದ್ದು’ ಎನ್ನಿ. ಕಾರಣ ಹೆಚ್ಚಾಗಿ ಅಂಟಿಸಿದ ರೀತಿಯಲ್ಲೇ ಇರುತ್ತದೆ: ಮಾಮೂಲಿ ಲೇಬಲ್ ಟ್ಯಾಗನ್ನು ಲೋಹದ ಬಿನ್ನಿಗೆ ನೇರ ಅಂಟಿಸಿದರೆ ಆಂಟೆನಾದ ಶ್ರುತಿ ಕೆಡುತ್ತದೆ. ಅಲ್ಲಿಗೆ ಬೇಕಾದದ್ದು, ನಡುವೆ ಅಂತರದ ಪದರವಿರುವ ‘ಲೋಹದ ಮೇಲಿನ ಟ್ಯಾಗ್’.