ಅಮ್ಮನ ಹಿಮ್ಮಡಿ ನೋವು ವಯಸ್ಸಿಂದಾನಾ?

ಪ್ರಶ್ನೆ: ಫಿಸಿಯೋ ಮೇಡಂ, ಅಮ್ಮಂಗೆ 68, ದಾವಣಗೆರೇಲಿದಾರೆ. ಬೆಳಗ್ಗೆ ಎದ್ದು ಕಾಲೂರಿದ್ರೆ ಹಿಮ್ಮಡಿಗೆ ಮೊಳೆ ಹೊಡ್ದಂಗಾಗುತ್ತಂತೆ, ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಾರೆ, ಹತ್ತಿಪ್ಪತ್ತು ಹೆಜ್ಜೆ ಆದ್ಮೇಲೆ ಕಮ್ಮಿ. ಯಾವಾಗ್ಲೂ ಹಾಕೋ 6 ನಂಬರ್ ಚಪ್ಲೀನೂ ಈಗ ಬಿಗಿ. ಕೇಳಿದ್ರೆ ವಯಸ್ಸಾಯ್ತು ಬಿಡು ಅಂತಾರೆ.

ಉತ್ತರ: ಅಮ್ಮ ಹೇಳೋದು ಅರ್ಧ ನಿಜ. ಹಿಮ್ಮಡಿ ಕೆಳಗಿರೋ ಕೊಬ್ಬಿನ ಮೆತ್ತೆ ವಯಸ್ಸಾದಂಗೆ ಹಳೇ ದಿಂಬಿನ ಥರ ಆಗ್ಬಿಡುತ್ತೆ, ಮನೇಲಿ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡಿದ್ರೆ ಪೆಟ್ಟು ನೇರ ಮೂಳೆಗೆ. ಮೂಳೆಗಳನ್ನ ಹಿಡಿದಿಡೋ ಲಿಗಮೆಂಟ್ ಪಟ್ಟಿಗಳು ಸಡಿಲ ಆಗಿ ಅಂಗಾಲಿನ ಕಮಾನು ತಗ್ಗುತ್ತೆ, ಪಾದ ಉದ್ದ ಅಗಲ ಆಗುತ್ತೆ, ಅದ್ಕೇ ಚಪ್ಲಿ ಬಿಗಿ. ಹೊಸದನ್ನ ಸಂಜೆ ಹೋಗಿ ತಗೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತೆ.

ಮೊದಲ ಹೆಜ್ಜೆ ನೋವು ಅಂದ್ರೆ ಹೆಚ್ಚಾಗಿ ಪ್ಲಾಂಟಾರ್ ಫೇಶಿಯೈಟಿಸ್, ಅಂದ್ರೆ ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಲ್ಲಿರೋ ಪಟ್ಟಿಯ ನೋವು. ಕಾಲೂರೋ ಮುಂಚೆ ಮಂಚದ ಮೇಲೇ ಕೂತು ಪಾದಾನ ಇನ್ನೊಂದು ತೊಡೆ ಮೇಲಿಟ್ಟು ಬೆರಳುಗಳನ್ನ ಮೊಣಕಾಲಿನ ಕಡೆ ಎಳೀಬೇಕು, 10 ಎಣಿಸೋವರೆಗೂ ಹಿಡೀಬೇಕು, ಹಂಗೆ 10 ಸಲ, ದಿನಕ್ಕೆ ಮೂರು ಹೊತ್ತು. ಆಮೇಲೆ ಗೋಡೆಗೆ ಕೈ ಕೊಟ್ಟು ಮೀನಖಂಡ ಎಳಿಯೋದು, ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿಳಿಸೋದು. ತಿಂಗಳುಗಟ್ಟಲೆ ಬೇಕಾಗುತ್ತೆ, ಎರಡು ದಿನಕ್ಕೆ ಬಿಟ್ಬಿಟ್ಟು ಏನೂ ಆಗ್ಲಿಲ್ಲ ಅನ್ಬೇಡಿ. ಎಕ್ಸ್‌ರೇಲಿ ಮೂಳೆ ಬೆಳೆದಿದೆ ಅಂದ್ರೆ ಗಾಬರಿ ಬೇಡ, ನೋವೇ ಇಲ್ಲದವರಿಗೂ ಅದಿರುತ್ತೆ.

ಇನ್ನೊಬ್ಬರು: ನಮ್ಮತ್ತೆಗೂ ಹಿಂಗೇ, ಶುಗರ್ ಇದೆ, ಅಂಗಾಲು ಜೋಮು. ಬಿಸಿನೀರಲ್ಲಿ ಉಪ್ಪು ಹಾಕಿ ಕಾಲಿಡಬಹುದಾ?

ಉತ್ತರ: ಖಂಡಿತ ಬೇಡ. ಜೋಮು ಹಿಡ್ದ ಕಾಲಿಗೆ ನೀರೆಷ್ಟು ಬಿಸಿ ಅಂತ್ಲೇ ಗೊತ್ತಾಗಲ್ಲ, ಬೊಬ್ಬೆ ಎದ್ಮೇಲೆ ಬಂದವರನ್ನ ನೋಡಿದೀನಿ. ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕೋದೂ ಅಷ್ಟೇ ಅಪಾಯ. ಮೊದ್ಲು ಮಾನೋಫಿಲಮೆಂಟ್ ಟೆಸ್ಟ್ ಮಾಡಿಸಿ, ನೈಲಾನ್ ಎಳೆ ಅಂಗಾಲಿಗೆ ಒತ್ತಿ ಗೊತ್ತಾಗುತ್ತಾ ಅಂತ ನೋಡ್ತಾರೆ, ಐದು ನಿಮಿಷದ ಕೆಲಸ. ಮತ್ತೆ ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೀವೇ ನೋಡಿ, ಅವರಿಗೆ ಬಗ್ಗಕ್ಕಾಗಲ್ಲ.

ಮೊದಲು ಕೇಳಿದವರು: ಮೇಡಂ, ಅಮ್ಮನ ಹತ್ರ ಈಗ್ಲೇ ಕಟ್ಟೆ ಹಿಡಿಸಿ ಒಂದೊಂದೇ ಕಾಲಲ್ಲಿ ಹಿಮ್ಮಡಿ ಎತ್ತಿಳಿಸೋದು ಮಾಡಿಸ್ದೆ. ಎಡಗಾಲಲ್ಲಿ 12 ಆಯ್ತು, ಬಲಗಾಲು 2ಕ್ಕೇ ಸುಸ್ತು.

ಉತ್ತರ: ಒಂಟಿಕಾಲು ಸದ್ಯಕ್ಕೆ ಬೇಡ, ಎರಡೂ ಒಟ್ಟಿಗೆ ಎತ್ಲಿ. ಹಿಂದೆ ನಿಂತು ನೋಡಿ, ಬಲಪಾದ ಒಳಗಡೆ ವಾಲಿದ್ಯಾ, ಹೊರಗಡೆ ಬೆರಳು ಜಾಸ್ತಿ ಕಾಣ್ತಿದ್ಯಾ, ಒಳಗಿನ ಗಿಣ್ಣಿನ ಕೆಳಗೆ ಊತ ಇದ್ಯಾ ಅಂತ. ಇದ್ರೆ ಕಮಾನು ಎತ್ತಿ ಹಿಡಿಯೋ ಟೆಂಡನ್ (ಸ್ನಾಯುನ ಮೂಳೆಗೆ ಕಟ್ಟೋ ಹಗ್ಗ) ಸೋತಿರಬಹುದು, ವ್ಯಾಯಾಮ ಅಲ್ಲಿಗೇ ನಿಲ್ಸಿ ಹತ್ತಿರದ ಮೂಳೆ ಡಾಕ್ಟರಿಗೆ (ಆರ್ಥೋ) ತೋರ್ಸಿ.